ಎಡಚಕ್ರದ ಕೆಂಪು ಎಣ್ಣೆ

"ಟಾರ್ಚು ಇನ್ನೊಂಚೂರು ಕೆಳಗೆ ಹಿಡೀರಿ ಮೇಡಂ," ಅಂದ ಕದಿರಪ್ಪ.

ಸಬ್ ಇನ್‌ಸ್ಪೆಕ್ಟರ್ ಅರುಣಕುಮಾರಿ ಮೊಣಕಾಲೂರಿ ಕೂತು ಬೆಳಕನ್ನು ವಿಮಾನದ ಎಡಚಕ್ರದ ಒಳಬದಿಗೆ ಬಿಟ್ಟಳು. ವಿಮಾನ ತರಬೇತಿ ಶಾಲೆಯ ತಗಡಿನ ಶೆಡ್ಡು ಹನ್ನೊಂದು ಗಂಟೆಗೇ ಕಾದ ಹೆಂಚಿನಂತಾಗಿತ್ತು. ಮೂತಿ ಜಜ್ಜಿಹೋದ ಆ ಎರಡು ಸೀಟಿನ ಹಳೇ ವಿಮಾನ, ರೆಕ್ಕೆ ಕಳಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿತ್ತು.

ಕದಿರಪ್ಪ ಬ್ರೇಕಿನ ತಳದ ಸಣ್ಣ ಸ್ಕ್ರೂ ಸಡಿಲಿಸಿ ಅದರ ಕೆಳಗೆ ಬಿಳಿ ಪಿಂಗಾಣಿ ಬಸಿ ಹಿಡಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಹನಿ. ಮತ್ತೊಂದು.

ಬಸಿಗೆ ಬಿದ್ದ ಎಣ್ಣೆ ಕೆಂಪಗಿತ್ತು.

ಕದಿರಪ್ಪ ಅದನ್ನೇ ನೋಡುತ್ತ ಕೂತ. ಬೆರಳಲ್ಲಿ ಅದ್ದಿ ಉಜ್ಜಿದ, ಮೂಸಿದ. ಅವನ ಮುಖದ ಬಣ್ಣ ಇಳಿದದ್ದು ಅರುಣಕುಮಾರಿಗೆ ಕಂಡಿತು.

"ಏನು ಸಾರ್? ಹಳದಿ ಇರಬೇಕಿತ್ತಲ್ಲವಾ?"

"ಇರಬೇಕಿತ್ತು. ನಾನು ಬರೆದುಕೊಟ್ಟಿದ್ದು ನಿಜ ಆಗಿದ್ದರೆ ಹಳದಿಯೇ ಇರಬೇಕಿತ್ತು."

ಇಪ್ಪತ್ತು ದಿನದ ಹಿಂದೆ ಈ ವಿಮಾನ ನೆಲದ ಮೇಲೆ ಓಡುವಾಗಲೇ ಬ್ರೇಕು ಕೈಕೊಟ್ಟು ಕಲ್ಲುಕ್ವಾರಿಗೆ ಉರುಳಿತ್ತು, ಒಳಗೆ ಒಬ್ಬಳೇ ಇದ್ದ, ಹಾರಲು ಕಲಿಯುತ್ತಿದ್ದ ಇಪ್ಪತ್ತೆರಡರ ಅರ್ಚನ ಸತ್ತಿದ್ದಳು, ಕದಿರಪ್ಪ ಬರೆದುಕೊಟ್ಟ ಎರಡೇ ಸಾಲಿನ ಮೇಲೆ ಮುದುಕ ಮೆಕ್ಯಾನಿಕ್ ಮುನಿಶಾಮಿ ಜೈಲು ಸೇರಿದ್ದ.

ಕದಿರಪ್ಪ ಮೂವತ್ತು ವರ್ಷ ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಬಂಗಾರಪೇಟೆಯ ಜನಕ್ಕೆ ಅವನು ಇವತ್ತಿಗೂ 'ಬ್ರೇಕ್ ಇನ್‌ಸ್ಪೆಕ್ಟರ್'. ಎಲ್ಲಿ ಲಾರಿ ಮಗುಚಿದರೂ, ಎಲ್ಲಿ ಬಸ್ಸು ಗುದ್ದಿದರೂ ಚಕ್ರ ಬಿಚ್ಚಿ ನೋಡದೆ ಸಹಿ ಹಾಕದ ಮನುಷ್ಯ ಎಂದು ಹೆಸರು. ಆ ಹೆಸರಿಗಾಗಿಯೇ ಅಪಘಾತದ ಮರುದಿನ ಪೊಲೀಸರು ಅವನನ್ನು ಕ್ವಾರಿಗೆ ಕರೆಸಿದ್ದರು.

ಆವತ್ತು ಮಾತ್ರ ಅವನು ಚಕ್ರ ಬಿಚ್ಚಿರಲಿಲ್ಲ. ಕ್ವಾರಿಯ ಬಿಸಿಲಿಗೆ ತಲೆ ಸುತ್ತುತ್ತಿತ್ತು. ಬಂಡೆಯ ಮೇಲೆ ಆ ಹುಡುಗಿಯ ಒಂದು ಬೂಟು ಬಿದ್ದಿತ್ತು. ಅದನ್ನು ನೋಡಿದ ಮೇಲೆ ಅಲ್ಲಿ ನಿಲ್ಲಲಾಗದೆ, ಎಂಜಿನ್ನಿನ ಹಿಂದಿನ ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದ್ದ. ಎಣ್ಣೆ ಹಳದಿಯಾಗಿತ್ತು. ಕಾರಿಗೆ ಹಾಕುವ ಬ್ರೇಕ್ ಆಯಿಲ್.

ಇಂಥ ಹಳೇ ವಿಮಾನಕ್ಕೆ ಹಾಕುವುದು ಕೆಂಪು ಎಣ್ಣೆ. ಅದರ ಬ್ರೇಕಿನೊಳಗಿನ ರಬ್ಬರ್ ಉಂಗುರಗಳು ಆ ಎಣ್ಣೆಗೇ ಒಗ್ಗಿದವು. ಕಾರಿನ ಆಯಿಲ್ ತಗುಲಿದರೆ ಆ ರಬ್ಬರು ನೆನೆದ ಕಡಲೆಯಂತೆ ಊದಿ, ಮೆತ್ತಗಾಗಿ, ಹರಿದುಹೋಗುತ್ತದೆ. 'ತಪ್ಪು ಎಣ್ಣೆ ಹಾಕಿರುವುದರಿಂದ ಬ್ರೇಕ್ ವಿಫಲವಾಗಿದೆ' ಎಂದು ಬರೆದು ಸಹಿ ಹಾಕಿ ಮನೆಗೆ ಹೋಗಿ ಮಲಗಿದ್ದ.

ಅದೇ ಸಂಜೆ ಮುನಿಶಾಮಿ ಪೊಲೀಸರ ಮುಂದೆ ಕೈಮುಗಿದು "ನಾನೇ ಹಾಕಿದ್ದು" ಅಂದಿದ್ದ.

ಕದಿರಪ್ಪ ಈಗ ಪೈಪನ್ನು ಹಾಗೇ ಬಿಟ್ಟು ಬ್ರೇಕನ್ನಷ್ಟೇ ಬಿಚ್ಚಿ ಒಳಗಿನ ರಬ್ಬರ್ ಉಂಗುರವನ್ನು ಚಿಮಟದಲ್ಲಿ ಎತ್ತಿದ. ಅದು ಗಟ್ಟಿಯಾಗಿತ್ತು, ನುಣುಪಾಗಿತ್ತು. ಎಲ್ಲೂ ಊದಿರಲಿಲ್ಲ. ಬಲಚಕ್ರದ ಬ್ರೇಕನ್ನೂ ಬಿಚ್ಚಿದ. ಅಲ್ಲಿ ಎಣ್ಣೆ ತುಂಬಿತ್ತು. ಎಲ್ಲಾ ಕೆಂಪು.

"ಮೇಲೆ ಡಬ್ಬೀಲಿ ಹಳದಿ, ಕೆಳಗೆ ಚಕ್ರದಲ್ಲಿ ಕೆಂಪು. ಇದು ಹೇಗೆ ಸಾರ್?" ಅರುಣಕುಮಾರಿ ಕೇಳಿದಳು.

"ನಮ್ಮ ಕಾರಿಗೆ ಮೇಲಿಂದ ಎಣ್ಣೆ ಹಾಕ್ತೀವಿ. ಈ ವಿಮಾನಕ್ಕೆ ಹಂಗಲ್ಲ ಮೇಡಂ. ಚಕ್ರದ ಹತ್ತಿರ ಇರೋ ಈ ಸ್ಕ್ರೂಗೆ ಟ್ಯೂಬು ಸಿಕ್ಕಿಸಿ, ಕೆಳಗಿನಿಂದ ಮೇಲಕ್ಕೆ ಪಂಪು ಹೊಡೀಬೇಕು. ಪೈಪಿನೊಳಗಿನ ಗಾಳಿಯೆಲ್ಲ ಮೇಲಿನ ಡಬ್ಬೀಲಿ ಗುಳ್ಳೆ ಗುಳ್ಳೆಯಾಗಿ ಹೋಗಬೇಕು. ಮುನಿಶಾಮಿ ರಿಪೇರಿ ಮಾಡುವಾಗ ಹಳದಿ ಎಣ್ಣೆ ಹಾಕಿದ್ದರೆ ಮೊದಲು ಹಳದಿ ಆಗಬೇಕಾದ್ದು ಚಕ್ರ."

"ಅಂದರೆ..."

"ಅಂದರೆ ಹಳದಿ ಎಣ್ಣೇನ ಯಾರೋ ಮೇಲಿಂದ ಸುರಿದಿದ್ದಾರೆ. ಎಲ್ಲಾ ಮುಗಿದ ಮೇಲೆ. ನಮಗೆ ಕಾಣಲಿ ಅಂತ."

ಅರುಣಕುಮಾರಿ ಟಾರ್ಚು ಆರಿಸಲಿಲ್ಲ. ಅದರ ಬೆಳಕು ಎಡಚಕ್ರಕ್ಕೆ ಇಳಿದುಬಂದ ಪೈಪಿನ ಮೇಲೆ ಬಿದ್ದಿತ್ತು.

"ಸಾರ್, ಈ ನಟ್ಟಿನ ಮೇಲೆ ಏನಿದು ನೇರಳೆ ಬಣ್ಣ?"

ಕದಿರಪ್ಪ ಬಟ್ಟೆಯಿಂದ ಧೂಳು, ಜಿಡ್ಡು ಒರೆಸಿದ. ಪೈಪು ಬ್ರೇಕಿಗೆ ಸೇರುವ ನಟ್ಟಿನ ಮೇಲೆ ಕೂದಲೆಳೆಯಷ್ಟು ತೆಳುವಾದ ನೇರಳೆ ಗೆರೆ. ನಟ್ಟಿನ ಮೇಲೆ ಅರ್ಧ, ನಟ್ಟು ಕೂರುವ ಜಾಗದ ಮೇಲೆ ಅರ್ಧ.

"ಇದು ನೈಲ್ ಪಾಲಿಶ್," ಅಂದಳು ಅರುಣಕುಮಾರಿ. "ಅರ್ಚನಳ ಉಗುರಿಗೆ ಇದೇ ಬಣ್ಣ ಇತ್ತು. ಮಹಜರಿನಲ್ಲಿ ನಾನೇ ಬರೆಸಿದ್ದೀನಿ."

ಕದಿರಪ್ಪನಿಗೆ ಅದರ ಅರ್ಥ ಗೊತ್ತಿತ್ತು. ಲಾರಿಯವರೂ ಚಕ್ರದ ನಟ್ಟು ಬಿಗಿದ ಮೇಲೆ ಬಣ್ಣದ ಗೆರೆ ಎಳೆಯುತ್ತಾರೆ. ನಟ್ಟು ಒಂಚೂರು ತಿರುಗಿದರೂ ಗೆರೆ ಮುರಿಯುತ್ತದೆ, ದೂರದಿಂದಲೇ ಕಾಣುತ್ತದೆ. ಅವನು ಬಲಚಕ್ರದ ನಟ್ಟನ್ನೂ ಒರೆಸಿ ನೋಡಿದ. ಅಲ್ಲಿ ನೇರಳೆ ಗೆರೆ ಒಂದೇ ಎಳೆಯಾಗಿ ನೆಟ್ಟಗಿತ್ತು.

ಎಡಗಡೆಯದು ಎರಡು ತುಂಡಾಗಿತ್ತು. ನಟ್ಟಿನ ಮೇಲಿನ ತುಂಡು ಕೆಳಗಿನ ತುಂಡನ್ನು ದಾಟಿ, ಬಿಗಿಯುವ ದಿಕ್ಕಿಗೆ ರಾಗಿಕಾಳಿನ ಅಗಲ ಆಚೆ ಹೋಗಿತ್ತು.

"ಅವಳು ಬಿಗಿದು ಗೆರೆ ಎಳೆದಿದ್ದಾಳೆ," ಅಂದ ಕದಿರಪ್ಪ. "ಆಮೇಲೆ ಯಾರೋ ಬಿಚ್ಚಿದ್ದಾರೆ. ಅದಾದ ಮೇಲೆ ಯಾರೋ ಮತ್ತೆ ಬಿಗಿದಿದ್ದಾರೆ."

ಓಟದ ದಾರಿಯ ಮೇಲೆ ಆವತ್ತು ಕಂಡ ಗುರುತು ಅವನ ಕಣ್ಣ ಮುಂದೆ ಬಂತು. ಬಲಚಕ್ರದ್ದು ಉದ್ದಕ್ಕೂ ಕಪ್ಪಗೆ ಎಳೆದ ಗೆರೆ. ಎಡಚಕ್ರದ್ದು ಇರಲೇ ಇಲ್ಲ. ಹುಡುಗಿ ಎರಡು ಪೆಡಲನ್ನೂ ಜೀವ ಬಿಟ್ಟು ಒತ್ತಿದ್ದಾಳೆ. ಎಡಗಡೆ ನಟ್ಟು ಸಡಿಲಾಗಿ ಎಣ್ಣೆಯೆಲ್ಲ ಚಿಮ್ಮಿದೆ. ಬಲಗಡೆ ಮಾತ್ರ ಹಿಡಿದಿದೆ. ವಿಮಾನ ಬಲಕ್ಕೆ ತಿರುಗಿ, ಬಲಕ್ಕಿದ್ದ ಕ್ವಾರಿಯ ಕಡೆಗೇ ನುಗ್ಗಿದೆ.

ಇಷ್ಟನ್ನೂ ಅವನು ಆವತ್ತೇ ನೋಡಬಹುದಿತ್ತು.

"ಕ್ವಾರಿಗೆ ಮೊದಲು ಇಳಿದವರು ಯಾರು ಮೇಡಂ?"

ಅರುಣಕುಮಾರಿ ಫೈಲು ತೆರೆಯಲಿಲ್ಲ. ಅವಳಿಗೆ ಬಾಯಿಪಾಠವಾಗಿತ್ತು.

"ಮುನಿಶಾಮಿ."

* * *

ಸಬ್ ಜೈಲಿನ ಭೇಟಿಯ ಕೋಣೆಯಲ್ಲಿ ಜಾಲರಿಯ ಆಚೆ ಮುನಿಶಾಮಿ ಕೂತಿದ್ದ. ಅರವತ್ತೇಳು ವರ್ಷ. ಇಪ್ಪತ್ತು ದಿನಕ್ಕೆ ಇನ್ನೂ ಹತ್ತು ವರ್ಷ ಜಾಸ್ತಿಯಾದವನಂತಿದ್ದ. ಕೈಗಳು ಮಾತ್ರ ಹಾಗೇ ಇದ್ದವು, ದಪ್ಪ ಗೆಣ್ಣಿನ, ಕಪ್ಪು ಹತ್ತಿದ ಕೈಗಳು.

ಆ ಕೈಗಳು ಇಪ್ಪತ್ಮೂರು ವರ್ಷ ಚಿನ್ನದ ಗಣಿಯಲ್ಲಿ ಕೇಜಿನ ಬ್ರೇಕು ನೋಡಿಕೊಂಡಿದ್ದವು. ಸಾವಿರಾರು ಅಡಿ ಆಳಕ್ಕೆ ಜನರನ್ನು ಇಳಿಸುವ, ಎತ್ತುವ ಕೇಜು. ಗಣಿ ಮುಚ್ಚಿದ ಮೇಲೆ ನಂದಿದುರ್ಗ ಗಣಿಯ ಕೂಲಿ ಲೈನಿನ ಮನೆಯಲ್ಲೇ ಇದ್ದು ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಕ್ಯಾಸಂಬಳ್ಳಿ ದಾರಿಯ ಚಿನ್ನಾದ್ರಿ ವಿಮಾನ ತರಬೇತಿ ಶಾಲೆಗೆ ಸೇರಿದ್ದ. ಮೊನ್ನೆ ಅವನ ಹೆಂಡತಿ ಮಾರಿಯಮ್ಮ ಬಂಗಾರಪೇಟೆಯವರೆಗೂ ಬಂದು ಕದಿರಪ್ಪನ ಜಗಲಿಯ ಕೆಳಗೆ ನಿಂತು ಕೇಳಿದ್ದು ಒಂದೇ ಮಾತು: "ಕೇಜಿನ ಬ್ರೇಕು ನೋಡಿದವ್ರು ಎಣ್ಣೆ ಬಣ್ಣ ತಿಳೀದೆ ಆಕ್ತಾರಾ ಸಾಮಿ?" ಆ ಮಾತು ಎರಡು ದಿನ ನಿದ್ದೆ ಕೊಡದೆ ಅವನನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿತ್ತು.

"ಮುನಿಶಾಮಣ್ಣ, ಎಣ್ಣೆ ಯಾವ ಕಡೆಯಿಂದ ಹಾಕಿದ್ರಿ?"

ಮುದುಕ ತಲೆ ಎತ್ತಲಿಲ್ಲ. "ನಾನ್ ಒಪ್ಕೊಂಡಿದ್ದೀನಿ ಸಾರ್. ಮತ್ತೆ ಯಾಕೆ ಕೇಳ್ತೀರ?"

"ಮೇಲಿಂದಾನೋ ಕೆಳಗಿಂದಾನೋ?"

"...ಮೇಲಿಂದ."

"ಮೇಲಿಂದ ಹಾಕಿದ್ರೆ ಪೈಪಲ್ಲಿರೋ ಗಾಳಿ ಹೋಗುತ್ತಾ?"

ಮುದುಕ ಅಂಗೈಯ ಕಪ್ಪನ್ನು ಹೆಬ್ಬೆರಳಲ್ಲಿ ಉಜ್ಜಿದ.

"ಚಕ್ರ ಬಿಚ್ಚಿದೆ ಇವತ್ತು. ಒಳಗೆ ಕೆಂಪು ಇದೆ. ರಬ್ಬರು ಮೊನ್ನೆ ತಂದಂಗಿದೆ. ಇಪ್ಪತ್ತು ದಿನ ತಡವಾಗಿ ನೋಡಿದೆ, ತಪ್ಪು ನನ್ನದು. ಆದರೆ ನೀವು ಸುಳ್ಳು ಹೇಳ್ತಿದ್ದೀರ."

ಮುನಿಶಾಮಿ ಜಾಲರಿಗೆ ಹತ್ತಿರ ಬಂದ. ಅವನ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು.

"ಸಾರ್, ಬಿಟ್ಬಿಡಿ ಸಾರ್. ಕೈಮುಗೀತೀನಿ. ನೀವು ಬರೆದದ್ದೇ ಇರ್ಲಿ."

"ಯಾರನ್ನ ಕಾಪಾಡ್ತಿದ್ದೀರ? ಅಶ್ವಥ್‌ನಾ?"

ಅಶ್ವಥ್ ಆ ಶಾಲೆಯ ಮಾಲೀಕ. ಮುದುಕ ಇಲ್ಲವೆಂದು ತಲೆಯಾಡಿಸಿದ.

"ಅಂಬರೀಶ್‌ನಾ?"

ಅಂಬರೀಶ್ ಅಲ್ಲಿ ವಿಮಾನ ಹಾರಿಸುವುದನ್ನು ಕಲಿಸುವವನು. ಅದಕ್ಕೂ ಇಲ್ಲ.

"ಮತ್ತೆ ಯಾರನ್ನ? ಎಡಚಕ್ರದ ನಟ್ಟು ಬಿಗಿದದ್ದು ನೀವೇ ತಾನೆ? ಕ್ವಾರಿಗೆ ಇಳಿದು?"

ಮುನಿಶಾಮಿ ಎರಡೂ ಕೈಯಲ್ಲಿ ಜಾಲರಿ ಹಿಡಿದುಕೊಂಡು ಅಳತೊಡಗಿದ. ಶಬ್ದವಿಲ್ಲದ ಅಳು.

"ಆ ಪಾಪ ಕಣ್ ಮುಚ್ಚಿರ್ಲಿಲ್ಲ ಸಾರ್ ಇನ್ನೂ. ತಾತಾ ಅಂತು. ಬ್ರೇಕ್ ಹಿಡೀಲಿಲ್ಲ ತಾತಾ, ಎರಡೂ ಒತ್ದೆ ಅಂತು. ಅಷ್ಟೇ. ಆಮೇಲೆ ಮಾತಾಡ್ಲಿಲ್ಲ."

ಕದಿರಪ್ಪ ಕುರ್ಚಿಯನ್ನು ಜಾಲರಿಗೆ ಹತ್ತಿರ ಎಳೆದುಕೊಂಡ.

"ನಾನ್ ಬಗ್ಗಿ ನೋಡ್ದೆ. ಎಡಗಡೆ ಎಣ್ಣೆ ಎಲ್ಲಾ ಓಗಿತ್ತು. ನಟ್ಟಿಗೆ ಕೈ ಆಕ್ದೆ. ಬೆರಳಲ್ಲೇ ತಿರುಗ್ತು ಸಾರ್. ಬೆಳಿಗ್ಗೆ ಎರಡು ಕಡೆ ಬ್ರೇಕೂ ಅವಳೇ ಜೋಡ್ಸಿದ್ದು. ನಾನ್ ಪಕ್ಕದಲ್ಲಿ ಕೂತಿದ್ದೆ. ಹಾರೋದಕ್ಕೆ ಮುಂಚೆ ಕೈ ಕಪ್ಪು ಮಾಡ್ಕೋಬೇಕು, ಬಿಚ್ಚಿ ಕಟ್ಟಿದವಳೇ ಹಾರ್ಸಬೇಕು ಅಂತ ಅವಳ ಆಸೆ. ಒಳ್ಳೆ ಕೈ ಸಾರ್. ಆದ್ರೆ ಆ ನಟ್ಟು ಬಿಗಿಯೋದು ಮರ್ತ್‌ಬಿಟ್ಟಿದ್ದಾಳೆ ಅನ್ಕೊಂಡೆ. ನಾನೂ ನೋಡ್ಲಿಲ್ಲ. ಜೇಬಲ್ಲಿ ಸ್ಪ್ಯಾನರ್ ಇತ್ತು. ಬಿಗಿದ್‌ಬಿಟ್ಟೆ."

"ಯಾಕೆ?"

"ಯಾಕೆ ಅಂದ್ರೆ?" ಮುದುಕನ ದನಿ ಒಡೆಯಿತು. "ಅವಳ ತಪ್ಪಿಂದ ಅವಳೇ ಸತ್ಲು ಅಂತ ಪೇಪರ್‌ನಲ್ಲಿ ಬರ್ಬೇಕಾ? ಅವಳ ಅಮ್ಮ ಚಿಕ್ಕಮುನಿಯಮ್ಮ ಹಾಲು ಆಕಿ ಓದಿಸ್ದೋರು. ಎಣ್ಮಗೂಗೆ ವಿಮಾನ ಯಾಕೆ ಅಂತ ಇಡೀ ಊರು ನಕ್ಕಿತ್ತು. ಈಗ ಆ ಊರೇ ಏನನ್ನುತ್ತೆ? ನಂಗೇನಾಗ್ಬೇಕು ಸಾರ್? ನಂಗೆ ಮಕ್ಕಳಿಲ್ಲ. ಸಾಯಂಕಾಲ ಪೊಲೀಸ್ನೋರು ಹಗ್ಗ ಕಟ್ಟಿ ಓದ್ಮೇಲೆ ಮತ್ತೆ ಇಳಿದೆ. ಡಬ್ಬೀಲಿದ್ದ ಕೆಂಪೆಣ್ಣೆ ಬಟ್ಟೇಲಿ ಹೀರಿ ತೆಗೆದೆ. ಜೀಪಿಗೆ ತಂದಿಟ್ಟಿದ್ದ ಆಯಿಲ್ ಸುರಿದೆ. ಮುದುಕ ಕಣ್ ಕಾಣ್ದೆ ತಪ್ಪು ಎಣ್ಣೆ ಆಕ್ದ ಅಂದ್ರೆ ಎಲ್ರೂ ನಂಬ್ತಾರೆ."

ಎಲ್ಲರೂ ನಂಬಿದ್ದರು. ಮೊದಲು ನಂಬಿದವನು ಕದಿರಪ್ಪನೇ.

ಅವನಿಗೆ ಎದ್ದು ಹೊರಟುಹೋಗಬೇಕು ಅನ್ನಿಸಿತು. ಹೇಳಬೇಕಾದ ಮಾತು ಹೇಳದೆ ಹೋದರೆ ಈ ಮುದುಕ ತನ್ನ ನಂಬಿಕೆಯಲ್ಲೇ ಜೈಲಿನಲ್ಲಿ ಸಾಯುತ್ತಾನೆ. ಹೇಳಿದರೆ ಇಲ್ಲೇ, ಈಗಲೇ ಸಾಯುತ್ತಾನೆ.

"ಮುನಿಶಾಮಣ್ಣ, ನಟ್ಟು ಬಿಗಿದ ಮೇಲೆ ಗೆರೆ ಎಳೀಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ರಾ?"

"ಊಂ. ನಮ್ ಗಣೀಲಿ ಕೆಂಪು ಪೈಂಟು ಬಳೀತಿದ್ವಿ. ಯಾಕೆ?"

"ಅವಳು ಯಾವುದರಲ್ಲಿ ಎಳೀತಿದ್ದಳು?"

"ಉಗುರು ಬಣ್ಣದಲ್ಲಿ. ಬಿಗಿಯೋಕೆ ಮುಂಚೆ ಎಳೆಯೋಲ್ಲ ಸಾರ್ ಅವಳು. ಬಿಗಿದು, ಕಿಟಕ್ ಅಂದ್ಮೇಲೆ, ಆಮೇಲೇನೇ..."

ಮುನಿಶಾಮಿ ಕದಿರಪ್ಪನ ಮುಖವನ್ನೇ ನೋಡಿದ.

"ಎಡಗಡೆ ನಟ್ಟಿನ ಮೇಲೂ ಗೆರೆ ಇದೆ," ಅಂದ ಕದಿರಪ್ಪ. "ಎಣ್ಣೆ, ಧೂಳು ಮೆತ್ತಿಕೊಂಡಿತ್ತು. ಆವತ್ತು ನಿಮಗೆ ಕಂಡಿಲ್ಲ. ಅವಳು ಮರೆತಿರಲಿಲ್ಲ."

ಹೊರಗೆ ಯಾರೋ ಕಬ್ಬಿಣದ ಬಕೀಟು ಎಳೆದ ಸದ್ದು. ಮುದುಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಬೇರೆ ಯಾರದೋ ಕೈಯನ್ನು ನೋಡುವವನ ಹಾಗೆ.

"ಯಾರೋ ಬಿಚ್ಚಿದ್ರು," ಅಂದ ನಿಧಾನಕ್ಕೆ.

"ಹೌದು."

"ಬೇಕಂತ."

"ಹೌದು."

"ನಾನ್ ಬಿಗಿದ್‌ಬಿಟ್ಟೆ." ಅವನ ಹಣೆ ಜಾಲರಿಗೆ ತಾಗಿತು. "ಐಯೋ ಕಡವುಳೇ. ಕೊಂದವ್ರ ಗುರುತ್ನ ನಾನೇ ಬಿಗಿದು ಮುಚ್ಚಿಬಿಟ್ಟೆ. ನನ್ ಕೈಯಿಂದಾನೇ."

ಕದಿರಪ್ಪನ ಬಳಿ ಆಗ ಇದ್ದದ್ದು ಕೆಲಸದ ಪ್ರಶ್ನೆ ಒಂದೇ.

"ಅರ್ಚನಳ ಮೇಲೆ ಯಾರಿಗಾದರೂ ಹಗೆ ಇತ್ತಾ?"

"ಅವಳ ಮೇಲೆ ಯಾರಿಗ್ ಸಾರ್ ಹಗೆ?" ಮುದುಕ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು, ಆದರೆ ಈಗ ಅವು ಏನನ್ನೋ ಲೆಕ್ಕ ಹಾಕುತ್ತಿದ್ದವು. "ಬ್ರೇಕು ಬಿಚ್ಚಿ ಕಟ್ಟಿದ್ರೆ, ಮೊದಲ ಓಟಕ್ಕೆ ಕೂರೋದು ನಾನು ಸಾರ್. ಯಾವಾಗ್ಲೂ ನಾನೇ. ರಭಸವಾಗಿ ಓಡ್ಸಿ ಬ್ರೇಕ್ ಆಕಿ ನೋಡೋದು. ಆವತ್ತು ಊಟ ಆದ್ಮೇಲೆ ಮಂಡಿ ಇಡ್ಕೊಂಡ್ತು. ತಾತಾ ನೀನು ಕೂತ್ಕೊ, ನಾನ್ ಓಗ್ತೀನಿ ಅಂದ್ಲು. ನಾನು ಸರಿ ಅಂದೆ."

"ಆ ಓಟಕ್ಕೆ ನೀವು ಕೂರ್ತೀರ ಅಂತ ಯಾರಿಗೆ ಗೊತ್ತಿತ್ತು?"

"ಅಶ್ವಥ್ ಸಾರ್‌ಗೆ. ಅಂಬರೀಶ್‌ಗೆ. ಇನ್ಯಾರಿದ್ರು ಅಲ್ಲಿ?"

"ನಿಮ್ಮನ್ನ ಯಾಕೆ?"

ಮುನಿಶಾಮಿ ಪಿಸುಮಾತಿಗೆ ಇಳಿದ. ಬ್ರೇಕಿನ ತಟ್ಟೆಗಳು ತುಕ್ಕು ಹಿಡಿದು ಗುಳಿ ಬಿದ್ದಿದ್ದವು. ಆರು ತಿಂಗಳಿಂದ ಹೊಸದು ಕೇಳುತ್ತಿದ್ದ. ಕಾಗದಕ್ಕೆ ಸಹಿ ಹಾಕುವ ಎಂಜಿನಿಯರ್ ಒಂದು ದಿನವೂ ವಿಮಾನದ ಹತ್ತಿರ ಬಂದವನಲ್ಲ. ಆ ಸೋಮವಾರ ಮೇಲಿನವರು ತಪಾಸಣೆಗೆ ಬರುವುದಿತ್ತು.

"ಅವ್ರು ಕೇಳಿದ್ರೆ ಇರೋದ್ನ ಏಳ್ತೀನಿ ಅಂದಿದ್ದೆ ಸಾರ್. ಅಂಬರೀಶು, ತಾತಾ ನೀನು ಸೋಮವಾರ ರಜ ಆಕು ಅಂತ ಕೂಗಾಡ್ದ. ಅಶ್ವಥ್ ಸಾರ್ ಏನೂ ಅನ್ಲಿಲ್ಲ. ನಕ್ಕರು. ಊಟ ಆಯ್ತಾ ಮುನಿಶಾಮಿ ಅಂದ್ರು."

"ಊಟದ ಹೊತ್ತಲ್ಲಿ ಶೆಡ್ಡಿನ ಹತ್ತಿರ ಯಾರಿದ್ದರು?"

"ನಾವಿಬ್ರೂ ಮರದ ಕೆಳಗೆ ಊಟಕ್ಕೆ ಕೂತಿದ್ವಿ. ಅವ್ರಿಬ್ರೂ ಆ ಕಡೆಯೇ ಇದ್ರು. ಯಾರು ಒಳಗೋದ್ರೋ ನಾನ್ ನೋಡ್ಲಿಲ್ಲ." ಅವನು ಮಂಡಿಯ ಮೇಲೆ ಕೈ ಇಟ್ಟುಕೊಂಡ. "ನಂಗೆ ಇಟ್ಟ ಸಾವು ಸಾರ್ ಅದು. ಆ ಪಾಪ ಅದ್ನ ತಗೊಂಡ್ಬಿಡ್ತು."

ಕದಿರಪ್ಪ ಜಾಲರಿಯ ಸಂದಿಯಿಂದ ಬೆರಳು ತೂರಿಸಿ ಆ ದಪ್ಪ ಗೆಣ್ಣನ್ನು ಮುಟ್ಟಿದ.

"ಬೇಲ್ ತಗೊಳ್ಳಿ. ಬೇಲ್ ಸಿಗೋ ಕೇಸೇ ಇದು. ಬೇಡ ಅಂತ ನೀವೇ ಕೂತಿದ್ದೀರ. ಹೊರಗೆ ಬಂದು ಈ ಮಾತನ್ನ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿ. ನೀವು ಹೇಳದೆ ಇದ್ದರೆ ಆ ಗೆರೆಗೆ ಬೆಲೆ ಇಲ್ಲ. ಉಗುರುಬಣ್ಣ ಅಂತ ಕೋರ್ಟಲ್ಲಿ ನಗ್ತಾರೆ."

"ಯಾರು ನಂಬ್ತಾರೆ ಸಾರ್ ನನ್ನ? ಒಂದ್ಸಲ ಸುಳ್ಳು ಏಳಿದವ್ನು ನಾನು."

"ನಾನೂ ಒಂದು ಸಲ ಸುಳ್ಳು ಬರೆದವನೇ. ಇಬ್ಬರೂ ಹೋಗೋಣ. ನಾಳೆ ನಾನೇ ಶೂರಿಟಿ ನಿಲ್ತೀನಿ."

ಬಹಳ ಹೊತ್ತಿನ ಮೇಲೆ ಮುನಿಶಾಮಿ ಬೇಲ್ ಅರ್ಜಿಗೆ ಸಹಿ ಹಾಕಿದ. ಹೆಸರಿನ ಕೊನೆಯ ಅಕ್ಷರ ಮುಗಿಸಿ, "ಆ ತಾಯಿಗೆ ಯಾರು ಏಳ್ತಾರೆ ಸಾರ್?" ಅಂದ.

* * *

"ಯಾರಿಗೂ ಹೇಳೋ ಹಾಗಿಲ್ಲ," ಅಂದಳು ಅರುಣಕುಮಾರಿ ಫೋನಿನಲ್ಲಿ. "ನಟ್ಟಿನ ವಿಷಯ ಹೊರಗೆ ಬಿದ್ದರೆ ಅಶ್ವಥ್ ನಾಳೆಯೇ ವಿಮಾನಾನ ಗುಜರಿಗೆ ಹಾಕ್ತಾನೆ. ವಿಮಾನಕ್ಕೆ ಸೀಲ್ ಹಾಕೋಕೆ ಆರ್ಡರು ಬರೋವರೆಗೂ ಬಾಯಿ ಬಿಡಬೇಡಿ ಸಾರ್. ಆ ತಾಯಿ ಹತ್ತಿರ ಕೂಡ."

ಹಾಗಿದ್ದೂ ಕದಿರಪ್ಪ ಆ ಸಂಜೆ ಬಸ್ಸು ಹತ್ತಿ ಕ್ಯಾಸಂಬಳ್ಳಿಗೆ ಹೋದ. ಯಾಕೆ ಹೋದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಚಿಕ್ಕಮುನಿಯಮ್ಮ ಡೈರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನು ತೊಳೆಯುತ್ತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. ಕದಿರಪ್ಪನನ್ನು ಕಂಡದ್ದೇ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಬನ್ನಿ ಸಾಮಿ, ಕುಂತ್ಕೊಳ್ಳಿ. ಆಲು ಕಾಯಿಸ್ತೀನಿ."

"ಬೇಡಮ್ಮ."

"ಅಂಗಂದ್ರೆ ಅದೆಂಗೆ? ನನ್ನ ಮಗಳಿಗೆ ನ್ಯಾಯ ಅಂತ ಏನಾನ ಸಿಕ್ಕಿದ್ರೆ ಅದು ನಿಮ್ಮ ಕೈಬರಹದಿಂದ. ಆ ಮುದುಕ ಕೊಂದ ಅಂತ ನೀವು ಬರೀದೆ ಇದ್ದಿದ್ರೆ ನಮಗೇನ್ ಗೊತ್ತಾಗ್ತಿತ್ತು?"

ಅವಳು ಹಾಲು ತಂದಿಟ್ಟಳು. ಗೋಡೆಯ ಮೇಲೆ ಅರ್ಚನಳ ಫೋಟೊ, ಬಿಳಿ ಅಂಗಿ, ಭುಜದ ಮೇಲೆ ಎರಡು ಪಟ್ಟಿ. ಕದಿರಪ್ಪನ ನಾಲಿಗೆ ತುದಿಯವರೆಗೆ ಎಲ್ಲವೂ ಬಂದಿತ್ತು. ಅರುಣಕುಮಾರಿಯ ಮಾತು ಅದನ್ನು ಹಿಂದಕ್ಕೆ ನೂಕಿತು. ಆದರೆ ಏನೂ ಹೇಳದೆ ಎದ್ದುಬರುವುದೂ ಅವನಿಂದಾಗಲಿಲ್ಲ. ನಾಳೆ ಬೇರೆ ಯಾರದೋ ಬಾಯಿಂದ ಕೇಳಿ ಅವಳು ನೊಂದುಕೊಳ್ಳಬಾರದು ಅನ್ನಿಸಿತು.

"ಅಮ್ಮಾ, ನಾಳೆ ಮುನಿಶಾಮಿಗೆ ಬೇಲ್ ಆಗಬಹುದು."

ಚಿಕ್ಕಮುನಿಯಮ್ಮ ಅವನನ್ನೇ ನೋಡಿದಳು. ಅಳಲಿಲ್ಲ, ಕೂಗಲಿಲ್ಲ.

"ಬಿಟ್ಬಿಡ್ತಾರಾ?"

"ಬಿಡೋದಲ್ಲ ಅದು. ಕೇಸು ನಡೀತಾ ಇರುತ್ತೆ. ಯಾರಾದರೂ ಜಮೀನಿನ ಪಹಣಿ ಕೊಟ್ಟು ಶೂರಿಟಿ ನಿಂತರೆ ಅಲ್ಲೀವರೆಗೆ ಹೊರಗಿರಬಹುದು. ನೀವು... ನೀವು ಅವನ ಮೇಲೆ ಅಷ್ಟೊಂದು ಕೋಪ ಇಟ್ಕೋಬೇಡಿ. ಇನ್ನೂ ಕೆಲವು ವಿಷಯ ತಿಳೀಬೇಕಾಗಿದೆ."

"ಯಾವ ಕ್ವಾರ್ಟು ಸಾಮಿ?"

ಅವನು ಹೇಳಿದ. ಅವಳು ತಲೆಯಾಡಿಸಿ, "ಆಲು ಆರೋಯ್ತದೆ, ಕುಡೀರಿ," ಅಂದಳು. ಅವನು ಒಂದೇ ಗುಟುಕು ಕುಡಿದ. ಲೋಟ ಹಾಗೇ ಬಿಟ್ಟು ಎದ್ದುಬಂದ.

* * *

ಮರುದಿನ ಕದಿರಪ್ಪ ಮನೆಯ ಪತ್ರ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಾಗ ಮಧ್ಯಾಹ್ನ ಮೂರಾಗುತ್ತಿತ್ತು. ಬೆಳಿಗ್ಗೆಯೇ ಬರಬೇಕಿತ್ತು. ಪತ್ರ ಬ್ಯಾಂಕಿನ ಲಾಕರಿನಲ್ಲಿತ್ತು, ಬ್ಯಾಂಕಿನಲ್ಲಿ ಅವನ ಸರದಿ ಬರುವಷ್ಟರಲ್ಲಿ ಒಂದೂವರೆ.

ಮುನಿಶಾಮಿಗೆ ಸರ್ಕಾರ ಕೊಟ್ಟಿದ್ದ ಲಾಯರು ಮೆಟ್ಟಿಲ ಬಳಿಯೇ ಸಿಕ್ಕ.

"ನೀವ್ಯಾಕೆ ಬಂದ್ರಿ ಸಾರ್? ಶೂರಿಟಿ ಹನ್ನೊಂದಕ್ಕೇ ಆಯ್ತಲ್ಲ. ನೀವೇ ಕಳಿಸಿದ್ದು ಅಂದರು."

"ಯಾರು?"

"ಪಹಣಿ, ಆಧಾರು ಎಲ್ಲಾ ಸರಿಯಾಗಿ ಇಟ್ಕೊಂಡು ಬಂದಿದ್ರು. ಆರ್ಡರು ಜೈಲಿಗೆ ಹೋಗಿಯೂ ಆಯ್ತು." ಲಾಯರು ಕಾಗದದ ನಕಲು ತೆಗೆದು ಮುಂದೆ ಹಿಡಿದ.

ಜಾಮೀನುದಾರರ ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ ಗುಮಾಸ್ತನ ಅಕ್ಷರ: ಚಿಕ್ಕಮುನಿಯಮ್ಮ, ಕ್ಯಾಸಂಬಳ್ಳಿ.

ಕದಿರಪ್ಪನಿಗೆ ಮೆಟ್ಟಿಲು ಇಳಿದದ್ದು ನೆನಪಿಲ್ಲ. ಆಟೋದಲ್ಲಿ ಕೂತು ಅರುಣಕುಮಾರಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ವಿಮಾನಕ್ಕೆ ಸೀಲ್ ಹಾಕುವ ಆರ್ಡರಿಗಾಗಿ ಅವಳು ಕೋಲಾರಕ್ಕೆ ಹೋಗಿದ್ದಾಳೆಂಬುದು ಆಗ ಹೊಳೆಯಿತು.

ಸಬ್ ಜೈಲಿನ ಗೇಟಿನ ಎದುರು ಬೇವಿನ ಮರದ ಕೆಳಗೆ ಮಾರಿಯಮ್ಮ ಒಬ್ಬಳೇ ನಿಂತಿದ್ದಳು. ತಲೆಗೆ ಹೂ ಮುಡಿದಿದ್ದಳು. ಅವನನ್ನು ಕಂಡದ್ದೇ ಓಡೋಡಿ ಬಂದು ಕಾಲಿಗೆ ಬೀಳಲು ಬಗ್ಗಿದಳು.

"ಬಿಟ್ರು ಸಾಮಿ! ನಮ್ ಯಜಮಾನ್ರನ್ನ ಬಿಟ್ರು! ಯಾರು ಬಿಡಿಸ್ದೋರು ಗೊತ್ತಾ? ಮಗಳ್ನ ಕಳ್ಕೊಂಡ ಆ ತಾಯೀನೇ ಬಂದ್ರು ಸಾಮಿ. ಮನುಷ್ಯರಲ್ಲ ಅವ್ರು. ದೇವ್ರು."

"ಎಲ್ಲಿ ಅವರು? ಮುನಿಶಾಮಣ್ಣ ಎಲ್ಲಿ?"

"ಇವಾಗ ತಾನೆ ಓದ್ರು. ಅರ್ಧ ಗಂಟೆ ಆಯ್ತು. ಇವ್ರು ಆಯಮ್ಮನ್ನ ನೋಡಿದ್ದೇ ನೆಲದ ಮೇಲೆ ಕೂತು ಅತ್‌ಬಿಟ್ರು. ಆಯಮ್ಮ ಅಳ್ಲಿಲ್ಲ. ಇವ್ರ ಕೈ ಇಡ್ದು ಎಬ್ಬಿಸಿ, ನನ್ ಮಗಳು ಬಿದ್ದ ಜಾಗ ನಾನಿನ್ನೂ ನೋಡಿಲ್ಲ, ಬಾ ತೋರ್ಸು ಅಂದ್ರು."

"ಕ್ವಾರಿಗಾ?"

"ಊಂ. ಬತ್ತೀನಮ್ಮಾ, ನಿನ್ನತ್ರ ಏಳ್ಬೇಕಾದ್ದು ತುಂಬಾ ಇದೆ ಅಂದ್ರು ಇವ್ರು. ಒತ್ತು ಮುಳುಗೋದ್ರೊಳಗೆ ಮನೆಗೆ ಕಳಿಸ್ತೀನಿ ಅಂದ್ರು ಆಯಮ್ಮ. ನಾನು ಓಗಿ ಕೋಳಿ ಸಾರು ಮಾಡ್ಬೇಕು ಸಾಮಿ, ಇಪ್ಪತ್ತು ದಿನ ಆಯ್ತು ಅವ್ರು ಸರಿಯಾಗಿ ತಿಂದು."

ಕದಿರಪ್ಪ ಆಟೋದವನಿಗೆ ಕೈ ಬೀಸುತ್ತಲೇ ಕೇಳಿದ, "ನೀವ್ಯಾಕೆ ಜೊತೇಲಿ ಹೋಗಲಿಲ್ಲ?"

"ನಾನೂ ಬತ್ತೀನಿ ಅಂದೆ. ಆಟೋದಲ್ಲಿ ಜಾಗ ಇಲ್ಲ ಅಂದ್ರು ಆಯಮ್ಮ."

"ಆಟೋದಲ್ಲಿ ಇನ್ಯಾರಿದ್ದರು?"

ಮಾರಿಯಮ್ಮ ನಗುತ್ತಲೇ ಬಾಯಿ ತೆರೆದಳು. ಹೇಳಬೇಕಾದ ಉತ್ತರ ಬಾಯಿಗೆ ಬರುವ ಮೊದಲೇ ಅವಳಿಗೇ ಅರ್ಥವಾಯಿತೇನೋ, ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು.

"ಯಾರೂ ಇರ್ಲಿಲ್ಲ ಸಾಮಿ," ಅಂದಳು. "ಅವ್ರಿಬ್ರೇ."